ದುಡಿದರೂ ಬಡತನ ಯಾಕೆ?

ಪ್ರಶ್ನೆ: ಮೈಮುರಿದು ದುಡಿಯುವವರೂ ಬಡವರಾಗಿಯೇ ಉಳಿಯುವುದು ಯಾಕೆ?
– ಓದುಗರೊಬ್ಬರು, ಉಡುಪಿ

ಉತ್ತರ: ನನ್ನ ಅಮ್ಮ ಮಂಗಳೂರಿನ ಹತ್ತಿರ ಬೀಡಿ ಕಟ್ಟುತ್ತಿದ್ದರು. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ ಲೆಕ್ಕ. ಎಲೆ ಹಾಳಿದ್ದರೆ ಬೀಡಿ ರಿಜೆಕ್ಟ್, ನಷ್ಟ ಅಮ್ಮನದೇ. ಇರುವುದು ಎರಡೇ ಕೈ, ಎಷ್ಟು ಅಂತ ಕಟ್ಟುವುದು? ಹೊಗೆಸೊಪ್ಪಿನ ಧೂಳಿಗೆ ರಾತ್ರಿಯಿಡೀ ಕೆಮ್ಮು. ಒಂದು ಮಳೆಗಾಲ ಹಾಸಿಗೆ ಹಿಡಿದರು. ಬೆಂಡೋಲೆ ಗಿರವಿಗೆ ಹೋಯಿತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಅಕ್ಕ ಅದೇ ಗೆರಸೆ ಮಡಿಲಲ್ಲಿಟ್ಟು ಕುಳಿತಳು.

ಪಕ್ಕದ ಮನೆಯವರು ಗೇಣಿ ಒಕ್ಕಲು, ಅಂದರೆ ಬೇರೆಯವರ ಗದ್ದೆಯನ್ನು ಬಾಡಿಗೆ ಕೊಟ್ಟು ಉಳುವವರು. 1974ರ ಭೂಸುಧಾರಣೆ ಕಾನೂನು ಬಂದಾಗ ಉಳುವ ಗದ್ದೆ ತಮಗೆ ಬರಬೇಕೆಂದು ಡಿಕ್ಲರೇಶನ್ ಅರ್ಜಿ ಕೊಟ್ಟರು, ಗದ್ದೆ ಅವರದಾಯಿತು. ಅಲ್ಲೂ ಕಾಯಿಲೆ ಬಂತು. ಆದರೆ ತೆಂಗು, ಅಡಿಕೆ ಕೈಹಿಡಿಯಿತು, ಮಕ್ಕಳು ಕಾಲೇಜಿಗೆ ಹೋದರು. ನಮ್ಮದು ಬರೀ ಕೂಲಿ, ಗೇಣಿಯೂ ಇರಲಿಲ್ಲ. ಅವರು ಅಮ್ಮನಿಗಿಂತ ಜಾಸ್ತಿ ದುಡಿದದ್ದನ್ನು ನಾನಂತೂ ನೋಡಿಲ್ಲ.