ಟಾರ್ಗೆಟ್ ಶೂಟಿಂಗ್‌ಗೆ ನಿಖರವಾದ ಬೋಲ್ಟ್ ಆ್ಯಕ್ಷನ್ ರೈಫಲ್: ಯಾವುದನ್ನು ತಗೊಳ್ಳಲಿ?

ನೀವು ಕೇಳಿರುವುದು ಇಷ್ಟು: ಕಾಗದದ ಗುರಿಗೆ ಹೊಡೆಯೋಕೆ ಒಂದು ಬೋಲ್ಟ್ ಆ್ಯಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟ್ ಹಿಡಿಯನ್ನು ಕೈಯಿಂದ ಎಳೆದು ತಳ್ಳುವಂಥದ್ದು) ಬೇಕು, ಈಗ 50 ಮತ್ತು 100 ಮೀಟರ್ ರೇಂಜ್ ಸಿಗುತ್ತದೆ, ಮುಂದೆ 300ಕ್ಕೆ ಹೋಗುವ ಆಸೆ ಇದೆ, "ಅರ್ಧ ಎಂಒಎ ಗ್ಯಾರಂಟಿ" ಅಂತ ಬರೆದಿರುವ .308 ರೈಫಲ್‌ಗೆ ಇರೋ ದುಡ್ಡನ್ನೆಲ್ಲಾ ಹಾಕಿಬಿಡಲಾ ಅಂತ. ಹಾಕಬೇಡಿ. ದುಡ್ಡಿನಲ್ಲಿ ಅರ್ಧ ಮಾತ್ರ ರೈಫಲ್‌ಗೆ ಇಡಿ. ಉಳಿದದ್ದು ಸ್ಕೋಪ್‌ಗೆ, ಅದನ್ನು ರೈಫಲ್ ಮೇಲೆ ಕೂರಿಸುವ ಮೌಂಟ್‌ಗೆ, ಎಲ್ಲಕ್ಕಿಂತ ಜಾಸ್ತಿ ಗುಂಡುಗಳಿಗೆ ಬೇಕಾಗುತ್ತದೆ. ಮತ್ತೆ ಮೊದಲ ರೈಫಲ್ ದೊಡ್ಡ ಗುಂಡಿನ .308 ಆಗಬೇಕಿಲ್ಲ, ಸಣ್ಣ ಗುಂಡಿನ .22 ಎಲ್‌ಆರ್ ಆಗಲಿ.

ಮೊದಲು ಆ ಗ್ಯಾರಂಟಿ ಅಂದರೆ ಏನು ನೋಡೋಣ. ಒಂದು ಎಂಒಎ (ಮಿನಿಟ್ ಆಫ್ ಆ್ಯಂಗಲ್) ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 100 ಮೀಟರ್‌ನಲ್ಲಿ ಅದು ಸುಮಾರು 2.9 ಸೆಂಟಿಮೀಟರ್, 300ರಲ್ಲಿ 8.7. ಈ ಗ್ಯಾರಂಟಿಗಳಲ್ಲಿ ಎಷ್ಟೋ 3 ಗುಂಡಿನ ಗ್ರೂಪ್ ಲೆಕ್ಕದವು, ಗ್ರೂಪ್ ಅಂದರೆ ಒಂದೇ ಗುರಿಗೆ ಹೊಡೆದ ತೂತುಗಳು ಎಷ್ಟು ಅಗಲಕ್ಕೆ ಹರಡಿವೆ ಅನ್ನೋದು. ಅಲ್ಲೇ ಇರೋದು ಮರ್ಮ. ಅದೇ ರೈಫಲ್, ಅದೇ ಗುಂಡು, ಅದೇ ಶೂಟರ್ ಇಟ್ಟುಕೊಂಡು 3ರ ಬದಲು 10 ಗುಂಡು ಹೊಡೆದರೆ ಗ್ರೂಪ್ ಸರಾಸರಿ 1.6 ಪಟ್ಟು ದೊಡ್ಡದಾಗುತ್ತದೆ. ಏನೂ ಕೆಟ್ಟಿಲ್ಲ, ಗುಂಡು ಜಾಸ್ತಿ ಹೊಡೆದಷ್ಟೂ ಅಂಚಿಗೆ ಹೋಗುವ ಒಂದೆರಡು ಇದ್ದೇ ಇರುತ್ತವೆ, ಅಷ್ಟೇ. ಹಾಗಾಗಿ 3 ಗುಂಡಿನ ಅರ್ಧ ಎಂಒಎ ರೈಫಲ್ 10 ಗುಂಡಿಗೆ 0.8 ಆಸುಪಾಸು ಕೊಟ್ಟರೆ ಬೇಜಾರು ಮಾಡಿಕೊಳ್ಳಬೇಡಿ. ಇಂಟರ್‌ನೆಟ್‌ನಲ್ಲಿ ಕಾಣುವ ಮೂರು ತೂತು ಒಂದಾಗಿರುವ ಫೋಟೋ ಸುಳ್ಳಲ್ಲ, ಆದರೆ ಅದರ ಹಿಂದೆ ಮುಂದೆ ಹೊಡೆದ ಗ್ರೂಪ್‌ಗಳ ಫೋಟೋ ಯಾರೂ ಹಾಕೋದಿಲ್ಲ ಅಲ್ವಾ.

ನಿಮಗೆ ಎಷ್ಟು ನಿಖರತೆ ಬೇಕು ಅನ್ನೋದನ್ನು ಗುರಿಯಿಂದಲೇ ಲೆಕ್ಕ ಹಾಕಿ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) 300 ಮೀಟರ್ ಗುರಿಯಲ್ಲಿ 10 ಅಂಕದ ವೃತ್ತದ ಅಡ್ಡಳತೆ 100 ಮಿಲಿಮೀಟರ್, ಅಂದರೆ ಒಂದು ಎಂಒಎಗಿಂತ ಸ್ವಲ್ಪ ಜಾಸ್ತಿ. .22ರಲ್ಲಿ ಹೊಡೆಯುವ 50 ಮೀಟರ್ ಗುರಿಯಲ್ಲಿ ಅದೇ ವೃತ್ತ 10.4 ಮಿಲಿಮೀಟರ್, ಅಂದರೆ ಮುಕ್ಕಾಲು ಎಂಒಎಗೂ ಕಡಿಮೆ. ಗುಂಡು ಗೆರೆ ಮುಟ್ಟಿದರೆ ಮೇಲಿನ ಅಂಕ ಸಿಗುತ್ತದೆ, ಅದು ಬೇರೆ ಮಾತು. ಆದರೂ ಕೋನದ ಲೆಕ್ಕದಲ್ಲಿ .22ರ ವೃತ್ತವೇ ಚಿಕ್ಕದು. "ಸಣ್ಣ ರೈಫಲ್, ಮಕ್ಕಳ ಆಟ" ಅನ್ನೋರಿಗೆ ಇದನ್ನು ತೋರಿಸಿ.

.22 ಮೊದಲು ಅನ್ನೋಕೆ ಇನ್ನೂ ಕಾರಣ ಇದೆ. ಒದೆತ ಇಲ್ಲದ ಹಾಗೇ. ಹಾಗಾಗಿ ಟ್ರಿಗರ್ ಎಳೆಯುವಾಗ ಮುಂಚೆಯೇ ಬೆದರಿ ಭುಜ ಬಿಗಿಯುವ ಅಭ್ಯಾಸ ಹತ್ತುವುದಿಲ್ಲ, .308ರಲ್ಲಿ ಶುರು ಮಾಡಿದವರಿಗೆ ಅದು ಬೇಗ ಹತ್ತುತ್ತದೆ, ಬಿಡಿಸೋದು ಕಷ್ಟ. ಗುಂಡು ಅಗ್ಗ, ದಿನವೆಲ್ಲಾ ಹೊಡೆಯಬಹುದು. ಬ್ಯಾರೆಲ್ ಹತ್ತಾರು ಸಾವಿರ ಗುಂಡು ತಡೆಯುತ್ತದೆ. ಮುಖ್ಯವಾಗಿ ಅದು ಗಾಳಿ ಕಲಿಸುತ್ತದೆ. 50 ಮೀಟರ್‌ಗೆ ಸರಿಹೊಂದಿಸಿದ .22 ಗುಂಡು 100 ಮೀಟರ್ ತಲುಪುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬಿದ್ದಿರುತ್ತದೆ, ಪಕ್ಕದ ಗಾಳಿಗೂ ಚೆನ್ನಾಗಿ ಜರುಗುತ್ತದೆ. 100 ಮೀಟರ್ ರೇಂಜ್‌ನಲ್ಲೇ ದೂರದ ಶೂಟಿಂಗ್‌ನ ಅರ್ಧ ಪಾಠ ಆಗಿಹೋಗುತ್ತದೆ.

ಯಾವ ಗುಂಡು? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ .22ರಲ್ಲಿ ಬ್ಯಾರೆಲ್‌ಗಿಂತ ಇದೇ ಜಾಸ್ತಿ ಆಟ ಆಡಿಸುತ್ತದೆ. "ಹೈ ವೆಲಾಸಿಟಿ" ಅಂತ ಬರೆದಿರುವ ಪೆಟ್ಟಿಗೆ ಬೇಡ. ಅದು ಶಬ್ದಕ್ಕಿಂತ ವೇಗವಾಗಿ ಹೊರಟು, ದಾರಿಯಲ್ಲೇ ನಿಧಾನವಾಗಿ ಶಬ್ದದ ವೇಗವನ್ನು ದಾಟಿ ಕೆಳಗೆ ಇಳಿಯುತ್ತದೆ, ಆ ಹೊತ್ತಿಗೆ ಗುಂಡು ಅಲುಗಾಡುತ್ತದೆ. ಸ್ಪರ್ಧೆಗೆಂದೇ ಮಾಡಿದ ಮ್ಯಾಚ್ ಗುಂಡುಗಳು ಸೆಕೆಂಡಿಗೆ ಸುಮಾರು 330 ಮೀಟರ್‌ನಲ್ಲಿ, ಅಂದರೆ ಶಬ್ದದ ವೇಗಕ್ಕಿಂತ ಸ್ವಲ್ಪ ಕೆಳಗೇ ಹೊರಡೋದು ಇದಕ್ಕೇ. ಎಲಿ, ಲಪುವಾ, ಎಸ್‌ಕೆ, ಆರ್‌ಡಬ್ಲ್ಯೂಎಸ್ ಇವುಗಳಲ್ಲಿ ಸಿಕ್ಕ ನಾಲ್ಕೈದು ಬಗೆ ತಂದು ಹೊಡೆದು ನೋಡಿ. ಪ್ರತಿ ಬಗೆಯಲ್ಲೂ 10 ಗುಂಡಿನ ಎರಡು ಮೂರು ಗ್ರೂಪ್. ನಿಮ್ಮ ಬ್ಯಾರೆಲ್‌ಗೆ ಯಾವುದು ಒಗ್ಗುತ್ತದೆ ಅನ್ನೋದನ್ನು ಹೊಡೆಯದೆ ಯಾರೂ ಹೇಳೋಕಾಗಲ್ಲ, ದುಬಾರಿ ಪೆಟ್ಟಿಗೆಯೇ ಗೆಲ್ಲಬೇಕು ಅಂತಲೂ ಇಲ್ಲ. ಒಗ್ಗಿದ್ದು ಸಿಕ್ಕ ಮೇಲೆ ಪೆಟ್ಟಿಗೆ ಮೇಲಿನ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ನಂಬರ್ ನೋಡಿ ಅದೇ ಲಾಟ್ ಜಾಸ್ತಿ ಖರೀದಿಸಿ, ಒಂದೇ ಹೆಸರಿನ ಗುಂಡಾದರೂ ಲಾಟ್ ಬದಲಾದರೆ ಗ್ರೂಪ್ ಬದಲಾಗಬಹುದು. ದೊಡ್ಡ ಮಟ್ಟದ ಶೂಟರ್‌ಗಳು ಸ್ವಂತ ರೈಫಲ್ ಹೊತ್ತು ಎಲಿ, ಲಪುವಾ ಕಂಪನಿಗಳ ಟೆಸ್ಟ್ ರೇಂಜ್‌ಗೇ ಹೋಗಿ ಲಾಟ್ ಆರಿಸಿಕೊಂಡು ಬರುತ್ತಾರೆ.

ಈಗ ರೈಫಲ್. ಸಿಝಡ್ 457 ಭಾರದ ಬ್ಯಾರೆಲ್‌ನದ್ದು ಅಥವಾ ಟಿಕ್ಕಾ ಟಿ1ಎಕ್ಸ್, ಎರಡರಲ್ಲಿ ಕೈಗೆ ಯಾವುದು ಕೂರುತ್ತದೋ ಅದನ್ನು ತಗೊಳ್ಳಿ. ಸ್ವಲ್ಪ ಜಾಸ್ತಿ ಹಾಕೋದಾದರೆ ಬರ್ಗಾರಾ ಬಿ-14ಆರ್, ಅದು ರೆಮಿಂಗ್ಟನ್ 700 ರೈಫಲ್ ಅಳತೆಯ ಸ್ಟಾಕ್‌ಗಳಿಗೆ (ಭುಜಕ್ಕೆ ಒರಗಿಸುವ ಚೌಕಟ್ಟಿಗೆ) ಕೂರುತ್ತದೆ, ಹಾಗಾಗಿ ಮುಂದೆ ಸ್ಟಾಕ್ ಬದಲಿಸೋದು ಸುಲಭ. ಆನ್‌ಶುಟ್ಜ್, ವಾಲ್ಟರ್, ಫೈನ್‌ವೆರ್ಕ್‌ಬಾವ್ ಮ್ಯಾಚ್ ರೈಫಲ್‌ಗಳದ್ದು ಬೇರೆಯೇ ದರ್ಜೆ, ಆದರೆ ಅದಕ್ಕೂ ಮುಂಚೆ ಒಂದು ತೀರ್ಮಾನ ಮಾಡಬೇಕು: ನೀವು ಯಾವ ಸ್ಪರ್ಧೆ ಆಡುತ್ತೀರಿ? ಮೇಲೆ ಹೇಳಿದ ಐಎಸ್‌ಎಸ್‌ಎಫ್ 50 ಮತ್ತು 300 ಮೀಟರ್ ಸ್ಪರ್ಧೆಗಳಲ್ಲಿ ಸ್ಕೋಪ್ ಬಿಡೋದಿಲ್ಲ, ಕಿಂಡಿಯಂಥ ಅಪರ್ಚರ್ ಸೈಟ್‌ನಲ್ಲೇ ಹೊಡೆಯಬೇಕು. ನಿಮ್ಮ ಕಡೆಯ ಲೈಸೆನ್ಸ್ ಕಾನೂನು, ಕ್ಲಬ್ಬಿನ ನಿಯಮ ಎರಡನ್ನೂ ಓದಿಕೊಂಡೇ ಅಂಗಡಿಗೆ ಹೋಗಿ.

ಅಂಗಡಿಯಲ್ಲಿ ಮೊದಲು ರೈಫಲ್ ಖಾಲಿ ಇದೆಯಾ ಅಂತ ಬೋಲ್ಟ್ ತೆಗೆದು ನೀವೇ ನೋಡಿ. ಆಮೇಲೆ ಕಣ್ಣು ಮುಚ್ಚಿ ಭುಜಕ್ಕೇರಿಸಿ, ಕೆನ್ನೆ ಇಟ್ಟು, ಕಣ್ಣು ಬಿಡಿ. ಸ್ಕೋಪ್‌ನಲ್ಲಿ ಪೂರ್ತಿ ಚಿತ್ರ ಕಂಡರೆ ಸ್ಟಾಕ್ ನಿಮ್ಮ ಮೈಗೆ ಸರಿ ಇದೆ. ಕತ್ತು ಎತ್ತಿ ಹುಡುಕಬೇಕಾದರೆ ಕೆನ್ನೆಯ ಆಸರೆ ಎತ್ತರ ಬದಲಿಸಬಹುದಾದ ಸ್ಟಾಕ್ ಬೇಕು. ಎಡಗೈನವರಾದರೆ ಎಡಗೈ ಬೋಲ್ಟೇ ಕೇಳಿ, ಸುಮ್ನೆ ಹೊಂದಿಕೊಳ್ಳಬೇಡಿ. ಒಂದು ತೆಳು ಕಾಗದವನ್ನು ಬ್ಯಾರೆಲ್ ಮತ್ತು ಸ್ಟಾಕ್ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಆ್ಯಕ್ಷನ್ (ಬೋಲ್ಟ್ ಕೂರುವ ಭಾಗ) ಹತ್ತಿರದವರೆಗೆ ತಡೆ ಇಲ್ಲದೆ ಬಂದರೆ ಬ್ಯಾರೆಲ್ ತೇಲುತ್ತಿದೆ, ಅಂದರೆ ಸ್ಟಾಕ್‌ಗೆ ತಗುಲಿಲ್ಲ, ಅದು ಬೇಕು. ಮಧ್ಯೆ ಸಿಕ್ಕಿಹಾಕಿಕೊಂಡರೆ ಬ್ಯಾರೆಲ್ ಕಾದಾಗ ಸ್ಟಾಕ್ ತಗುಲಿ ಗುಂಡು ಸರಿಯುವ ಸಾಧ್ಯತೆ ಇರುತ್ತದೆ. ಭಾರದ ಬ್ಯಾರೆಲ್ ನಿಧಾನವಾಗಿ ಕಾಯುತ್ತದೆ, ಬೆಂಚ್ ಮೇಲೆ ಅಲುಗಾಡುವುದೂ ಕಡಿಮೆ. ಉದ್ದದ ಬ್ಯಾರೆಲ್ ಹೆಚ್ಚು ನಿಖರ ಅನ್ನೋದು ಮಾತ್ರ ತಪ್ಪು ತಿಳುವಳಿಕೆ, .308ನಂಥವುಗಳಲ್ಲಿ ಅದು ವೇಗ ಕೊಡುತ್ತದೆ ಅಷ್ಟೇ.

ಟ್ರಿಗರ್ ಬಗ್ಗೆ ಜಿಪುಣತನ ಬೇಡ. ತೂಕ ಒಂದು ಕಿಲೋ ಅಥವಾ ಅದಕ್ಕಿಂತ ಕೆಳಗೆ ಇಳಿಸುವ ಹಾಗಿರಬೇಕು, ಬಿಡುವಾಗ ಗರಗರ ಎಳೆಯದೆ ಗಾಜಿನ ಕಡ್ಡಿ ಮುರಿದ ಹಾಗೆ ಟಕ್ಕನೆ ಬಿಡಬೇಕು. ಗುಂಡಿಲ್ಲದೆ ಎಳೆದು ನೋಡುವ ಮುಂಚೆ ಅಂಗಡಿಯವರನ್ನು ಕೇಳಿ, ಕೆಲವು .22ಗಳಲ್ಲಿ ಪಿನ್ನು ಚೇಂಬರ್ (ಗುಂಡು ಕೂರುವ ಜಾಗ) ಅಂಚಿಗೆ ಬಡಿದು ಗುರುತು ಬೀಳುತ್ತದೆ.

ಸ್ಕೋಪ್‌ನಲ್ಲಿ ನಾನು ನೋಡೋದು ಒಂದೇ, ಪ್ಯಾರಲಾಕ್ಸ್ ಹೊಂದಿಸುವ ತಿರುಪು. ಅದಿಲ್ಲದ ದೊಡ್ಡ ರೈಫಲ್‌ನ ಸ್ಕೋಪ್‌ಗಳಲ್ಲಿ ಬಹಳಷ್ಟನ್ನು 100 ಗಜಕ್ಕೆ ಕೂರಿಸಿರುತ್ತಾರೆ, 50 ಮೀಟರ್‌ನಲ್ಲಿ ಕಣ್ಣು ಚೂರು ಸರಿದರೂ ಗುರಿ ಸರಿದ ಹಾಗೆ ಕಾಣುತ್ತದೆ, ಆಮೇಲೆ ರೈಫಲ್ ಮೇಲೆ ತಪ್ಪು ಹೊರಿಸುತ್ತೀರಿ. ಗ್ರೂಪ್ ಇದ್ದಕ್ಕಿದ್ದಂತೆ ಚೆದುರಿದರೆ ಮೊದಲು ಮೌಂಟ್ ಸ್ಕ್ರೂ, ಆಮೇಲೆ ಆ್ಯಕ್ಷನ್ ಸ್ಕ್ರೂ ನೋಡಿ, ಟಾರ್ಕ್ ಇರುವ ಸ್ಕ್ರೂಡ್ರೈವರ್ ಒಂದನ್ನು ಇಟ್ಟುಕೊಳ್ಳಿ.

300 ಮೀಟರ್‌ಗೆ ಹೋಗುವ ಕಾಲ ಬಂದಾಗಲೂ .308 ನನ್ನ ಮೊದಲ ಆಯ್ಕೆ ಅಲ್ಲ. 1952ರಿಂದ ಇದೆ, ಎಲ್ಲಾ ಕಡೆ ಸಿಗುತ್ತದೆ, ಬ್ಯಾರೆಲ್ ಬಾಳಿಕೆ ಬರುತ್ತದೆ, ಎಲ್ಲಾ ಸರಿ, ಆದರೆ ಒದೆತ ಸುಮ್ಮನೆ ಬಿಡಲ್ಲ. ಅದಕ್ಕಿಂತ ಸಣ್ಣ .223 ತಗೊಂಡು ಅದರ ಟ್ವಿಸ್ಟ್ (ಗುಂಡನ್ನು ತಿರುಗಿಸುವ, ಬ್ಯಾರೆಲ್ ಒಳಗಿನ ಸುರುಳಿ) 8 ಇಂಚಿಗೆ ಒಂದು ಸುತ್ತು ಇದೆಯಾ ನೋಡಿ, ಆಗ 69ರಿಂದ 77 ಗ್ರೇನ್ (ಗುಂಡಿನ ತೂಕದ ಅಳತೆ) ಮ್ಯಾಚ್ ಗುಂಡು ಚೆನ್ನಾಗಿ ಹೋಗುತ್ತದೆ. 12 ಇಂಚಿನ ಟ್ವಿಸ್ಟ್ ಇದ್ದರೆ ಹಗುರ ಗುಂಡಿಗೆ ಮಾತ್ರ, ಭಾರದ್ದು ಹಾಕಿದರೆ ಗುಂಡು ತಲೆಕೆಳಗಾಗಿ ಕಾಗದದಲ್ಲಿ ಉದ್ದ ತೂತು ಬೀಳುತ್ತದೆ. 2007ರಲ್ಲಿ ಹಾರ್ನಡಿ ಕಂಪನಿ ತಂದ 6.5 ಕ್ರೀಡ್‌ಮೂರ್ ಗುಂಡು ಗಾಳಿಗೆ ಚೆನ್ನಾಗಿ ನಿಲ್ಲುತ್ತದೆ, ಆದರೆ 300 ಮೀಟರ್‌ಗೆ ಅಷ್ಟು ಬೇಕಾಗಿಲ್ಲ, ಬ್ಯಾರೆಲ್ ಕೂಡ .308ಗಿಂತ ಬೇಗ ಸವೆಯುತ್ತದೆ. ಟಿಕ್ಕಾ ಟಿ3ಎಕ್ಸ್, ಹೋವಾ 1500, ಸ್ಯಾವೇಜ್ ಇವುಗಳಲ್ಲಿ ಭಾರದ ಬ್ಯಾರೆಲ್‌ನದ್ದು ಯಾವುದಾದರೂ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ, ಅದರಲ್ಲೂ ಹಳೆ ಆನ್‌ಶುಟ್ಜ್. ಬ್ಯಾರೆಲ್ ತುದಿಯ ಅಂಚನ್ನು ಟಾರ್ಚ್ ಹಿಡಿದು ನೋಡಿ, ಗುಂಡು ಕೊನೆಗೆ ಮುಟ್ಟುವುದು ಅದನ್ನೇ, ಅಲ್ಲಿ ಒಂದು ಸಣ್ಣ ಕಚ್ಚು ಇದ್ದರೂ ಬೆಲೆ ಇಳಿಸಿ ಕೇಳಿ. ಆ ಅಂಚನ್ನು ಒಳ್ಳೆ ಗನ್‌ಸ್ಮಿತ್ ಹೊಸದಾಗಿ ಕಡೆದು ಸರಿ ಮಾಡಬಹುದು. ಚೇಂಬರ್ ಮುಂದಿನ ಭಾಗ ಸವೆದಿದ್ದರೆ ಮಾತ್ರ ಬ್ಯಾರೆಲ್ಲೇ ಬದಲಿಸಬೇಕಾಗಬಹುದು. ಮಾರುವವರು ರೇಂಜ್‌ನಲ್ಲಿ 10 ಗುಂಡು ಹೊಡೆದು ನೋಡೋಕೆ ಒಪ್ಪದಿದ್ದರೆ ಅದು ಎಷ್ಟೇ ಅಗ್ಗ ಇದ್ದರೂ ನಾನು ತಗೊಳ್ಳಲ್ಲ.