ಪೈಲಟ್ ತರಬೇತಿಗೆ ಗದ್ದೆ ಮಾರುವ ಮುನ್ನ

ಪ್ರಶ್ನೆ: ಮಗಳು ಪಿಸಿಎಂಬಿಯಲ್ಲಿ ಪಿಯುಸಿ ಮುಗಿಸಿದ್ದಾಳೆ, ಪೈಲಟ್ ಆಗುತ್ತೇನೆ ಎನ್ನುತ್ತಾಳೆ. ಒಂದು ತರಬೇತಿ ಶಾಲೆಯವರು 18 ತಿಂಗಳಲ್ಲಿ ಲೈಸೆನ್ಸ್, ಆಮೇಲೆ ಕೆಲಸ ಗ್ಯಾರಂಟಿ ಎಂದು ಪೂರ್ತಿ ಫೀಸು ಒಮ್ಮೆಗೇ ಕೇಳುತ್ತಿದ್ದಾರೆ. ಕಾಲುವೆ ನೀರಿನ ಮೂರು ಎಕರೆ ಗದ್ದೆ ಇದೆ. ಮಾರಬಹುದೇ? ಅವಳಿಗೆ ಕನ್ನಡಕವೂ ಇದೆ.
– ರೈತ ದಂಪತಿ, ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ಗದ್ದೆಯ ಮಾತು ಆಮೇಲೆ, ಮೊದಲು ವೈದ್ಯಕೀಯ ಪರೀಕ್ಷೆ ಆಗಲಿ. ಕನ್ನಡಕ ಅಡ್ಡಿಯಲ್ಲ, ಹಾಕಿಕೊಂಡಾಗ ದೃಷ್ಟಿ ನಿಗದಿತ ಮಟ್ಟಕ್ಕೆ ಬರಬೇಕು ಅಷ್ಟೆ. ಅಡ್ಡಿಯಾಗುವುದು ಬಣ್ಣಗುರುಡು. ಬಳ್ಳಾರಿಯ ಯಾವುದೇ ಕಣ್ಣಿನ ವೈದ್ಯರ ಬಳಿ ಬಣ್ಣದ ಚುಕ್ಕೆಗಳ ಇಶಿಹರ ಪುಸ್ತಕ ಇರುತ್ತದೆ, ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅದು ಸರಿಯಿದ್ದರೆ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯತೆಯ ವೈದ್ಯರಲ್ಲಿ ಕ್ಲಾಸ್ 2, ಆಮೇಲೆ ಕಮರ್ಷಿಯಲ್ ಪೈಲಟ್‌ಗೆ ಬೇಕಾದ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ. ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದನ್ನು ಮಾಡುತ್ತದೆ. ಕ್ಲಾಸ್ 1 ಪ್ರಮಾಣಪತ್ರ ಕೈಗೆ ಬರುವವರೆಗೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಕೆಲವು ಮಕ್ಕಳು ಅರ್ಧ ತರಬೇತಿ ಮುಗಿಸಿದ ಮೇಲೆ ಈ ಪರೀಕ್ಷೆಯಲ್ಲಿ ಅನರ್ಹರಾಗುತ್ತಾರೆ, ಕಟ್ಟಿದ ಹಣ ವಾಪಸ್ ಬರುವುದಿಲ್ಲ.

ಮುಂದಿನ ಹೆಜ್ಜೆಯನ್ನು ಮನೆಯಲ್ಲಿದ್ದೇ ಇಡಬಹುದು. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ನ್ಯಾವಿಗೇಷನ್, ಹವಾಮಾನ, ವಾಯು ನಿಯಮ, ತಾಂತ್ರಿಕ ವಿಷಯಗಳ ಪರೀಕ್ಷೆಗಳಿವೆ, ಪಾಸಾಗಲು ಶೇ 70 ಅಂಕ ಬೇಕು. ರೇಡಿಯೊ ಬಳಸುವ ಲೈಸೆನ್ಸ್ ಬೇರೆ. ಪರೀಕ್ಷೆ ಬರೆಯಲು ಬೇಕಾದ ಡಿಜಿಸಿಎ ಕಂಪ್ಯೂಟರ್ ನಂಬರ್ (ನೋಂದಣಿ ಸಂಖ್ಯೆ) ಪಡೆದು, ಹಾರಾಟಕ್ಕೆ ಸೇರುವ ಮೊದಲೇ ಇವನ್ನು ಮುಗಿಸುವುದು ಜಾಣತನ. ಕಷ್ಟದ್ದು ನ್ಯಾವಿಗೇಷನ್, ಅಲ್ಲಿ ತಡೆದರೆ ನಷ್ಟವಾಗುವುದು ಕೆಲವು ತಿಂಗಳು ಮಾತ್ರ, ಲಕ್ಷಗಳಲ್ಲ.

ಆಮೇಲೆ 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ತಾನೇ ಕಮಾಂಡ್‌ನಲ್ಲಿ, ಅಂದರೆ ವಿಮಾನದ ಪೂರ್ತಿ ಹೊಣೆ ತಾನೇ ಹೊತ್ತು. ಒಂದೂವರೆ ವರ್ಷದಲ್ಲಿ ಮುಗಿಯಬೇಕಾದರೆ ತಿಂಗಳಿಗೆ 11 ಗಂಟೆ ಹಾರಬೇಕು. ವಿಮಾನ ರಿಪೇರಿಗೆ ನಿಂತರೆ, ಬೋಧಕರು ಬಿಟ್ಟುಹೋದರೆ, ಮಳೆಗಾಲ ಬಂದರೆ ಅದು ಆರಕ್ಕೆ ಇಳಿಯುತ್ತದೆ. ಆಗ ಬೇಕಾಗುವುದು 33 ತಿಂಗಳು. ಇಷ್ಟೇ ಅಲ್ಲ, ಲೈಸೆನ್ಸ್‌ಗೆ ಅರ್ಜಿ ಹಾಕುವ ಹಿಂದಿನ ಆರು ತಿಂಗಳಲ್ಲಿ 15 ಗಂಟೆ ಹಾರಿರಬೇಕು. ಎಳೆದಾಡಿದಷ್ಟೂ ಹೆಚ್ಚುವರಿ ಗಂಟೆಗೆ ಹಣ ಕಟ್ಟುತ್ತಾ ಹೋಗಬೇಕಾಗುತ್ತದೆ. ಆದ್ದರಿಂದ ಶಾಲೆಗೆ ನೀವೇ ಹೋಗಿ, ಇಂದು ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು ಎಂದು ಕೇಳಿ. ಕಳೆದ ತಿಂಗಳು ಎಷ್ಟು ಗಂಟೆ ಹಾರಿದಿರಿ ಎಂದು ಅಲ್ಲಿನ ಮಕ್ಕಳನ್ನೇ ವಿಚಾರಿಸಿ. ಫೀಸು 50 ಗಂಟೆಗೊಂದು ಕಂತು ಎಂದು ಬರೆಸಿಕೊಳ್ಳಿ. ಒಪ್ಪದ ಶಾಲೆ ಬೇಡವೇ ಬೇಡ.

ಕೆಲಸದ ಗ್ಯಾರಂಟಿಯನ್ನು ಯಾವ ಶಾಲೆಯೂ ಕೊಡಲಾರದು. ಲಿಖಿತ ಪರೀಕ್ಷೆ, ಸಿಮ್ಯುಲೇಟರ್, ಸಂದರ್ಶನ ನಡೆಸಿ ಆಯ್ಕೆ ಮಾಡುವುದು ವಿಮಾನ ಕಂಪನಿ. ಲೈಸೆನ್ಸ್‌ಗೆ ಸುಮಾರು 50 ಲಕ್ಷ ಅಥವಾ ಹೆಚ್ಚು ಖರ್ಚಾದ ಮೇಲೆ ಟೈಪ್ ರೇಟಿಂಗ್‌ಗೆ, ಅಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ, ಮತ್ತೆ 15–25 ಲಕ್ಷ ಎತ್ತಿಡಬೇಕು. ಆಯ್ಕೆಯಾಗುವ ಮೊದಲೇ ಅದನ್ನು ಮಾಡಿಸಬೇಡಿ: ಏರ್‌ಬಸ್ 320ಕ್ಕೆ ಹಣ ಸುರಿದವರಿಗೆ ಬೋಯಿಂಗ್ 737 ಹಾರಿಸುವ ಕಂಪನಿ ಸಿಕ್ಕರೆ ಆ ಹಣ ವ್ಯರ್ಥ.

ಗದ್ದೆ ಮಾರುವ ಬದಲು ಅಡವಿಟ್ಟು ಶಿಕ್ಷಣ ಸಾಲ ಪಡೆಯುವ ಯೋಚನೆ ಇದ್ದರೆ, ಸಾಲ ತೀರದಿದ್ದರೆ ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸದ ಕಾರಣ ಬ್ಯಾಂಕುಗಳು ಹಿಂಜರಿಯುತ್ತವೆ. ಊರಿನಲ್ಲಿ ಮನೆ ಅಥವಾ ಎನ್‌ಎ (ಕೃಷಿಯೇತರ ಎಂದು ಪರಿವರ್ತನೆ) ಆದ ನಿವೇಶನವಿದ್ದರೆ ಅದನ್ನು ತೋರಿಸಿ.

ಪ್ರಶ್ನೆ: ಮಗನಿಗೆ 220 ಗಂಟೆ ಹಾರಾಟದ ಅನುಭವವಿದೆ, ಪೈಲಟ್ ಲೈಸೆನ್ಸ್ ಬಂದು ಒಂದು ವರ್ಷವಾಯಿತು, ಕೆಲಸವಿಲ್ಲ. ಕೊಲ್ಲಿ ದೇಶ ಅಥವಾ ಅಮೆರಿಕಕ್ಕೆ ನೇರ ಕಳಿಸುತ್ತೇವೆಂದು ಏಜೆಂಟ್ ಒಬ್ಬರು ಹಣ ಕೇಳುತ್ತಿದ್ದಾರೆ. ಅಲ್ಲಿ ಸಂಬಳ ಚೆನ್ನಾಗಿದೆಯಂತೆ.
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಸಂಬಳದ ಮಾತು ನಿಜ. ಅಮೆರಿಕದಲ್ಲಿ ಏರ್‌ಲೈನ್ ಪೈಲಟ್‌ಗಳ ಮಧ್ಯಮ ವಾರ್ಷಿಕ ವೇತನ 2024ರಲ್ಲಿ 2,26,600 ಡಾಲರ್ ಇತ್ತು. ಆದರೆ 2013ರಿಂದ ಅಲ್ಲಿ ಕೋಪೈಲಟ್ ಸೀಟಿಗೂ ಸಾಮಾನ್ಯವಾಗಿ 1,500 ಗಂಟೆ, 23 ವರ್ಷ ಬೇಕು. ಅದಕ್ಕಿಂತ ಮೊದಲು ಅಲ್ಲಿ ದುಡಿಯುವ ಹಕ್ಕು ಬೇಕು. ಯುರೋಪಿನಲ್ಲಿ 13 ಥಿಯರಿ ಪರೀಕ್ಷೆಗಳನ್ನು ಶೇ 75ರಂತೆ ಹೊಸದಾಗಿ ಬರೆಯಬೇಕು, ದುಡಿಯುವ ಹಕ್ಕಿನ ಪ್ರಶ್ನೆ ಅಲ್ಲೂ ಇದೆ. ಕೊಲ್ಲಿ ಕಂಪನಿಗಳ ಸಂಬಳಕ್ಕೆ ಅಲ್ಲಿ ತೆರಿಗೆಯಿಲ್ಲ. ಹೊರದೇಶದವರಲ್ಲಿ ಅವರು ಹುಡುಕುವುದು ಜೆಟ್ ಹಾರಿಸಿದ ಅನುಭವ ಇರುವವರನ್ನು. 220 ಗಂಟೆಗೆ ಈ ಯಾವ ಬಾಗಿಲೂ ತೆರೆಯದು. ಏಜೆಂಟರಿಗೆ ಹಣ ಕೊಡಬೇಡಿ.

ನಿಮ್ಮ ಮಗನ ದಾರಿ ಭಾರತದ ಕಂಪನಿಗಳ ಮೂಲಕವೇ. 2023ರಲ್ಲಿ ಇಂಡಿಗೊ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟಿವೆ, ಆದರೆ ಅವು ವರ್ಷಗಳ ಮೇಲೆ ಹಂಚಿ ಬರುತ್ತವೆ. ತುರ್ತಾಗಿ ಬೇಕಿರುವುದು ಕ್ಯಾಪ್ಟನ್‌ಗಳು, ಹೊಸಬರ ಸಾಲು ಉದ್ದವಿದೆ. ಕಾಯುವಾಗ ಕ್ಲಾಸ್ 1 ಮೆಡಿಕಲ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ಪ್ರತಿ ವರ್ಷ ನವೀಕರಣವಾಗಲಿ. ಎರಡರಲ್ಲಿ ಒಂದು ಸತ್ತಿದ್ದರೂ ಅರ್ಜಿ ಮೊದಲ ಹಂತದಲ್ಲೇ ಬದಿಗೆ ಹೋಗುತ್ತದೆ. ಬೋಧಕರ ರೇಟಿಂಗ್ ಮಾಡಿಸಿದರೆ ಶಾಲೆಯೊಂದರಲ್ಲಿ ಸಂಬಳದ ಜೊತೆಗೇ ಗಂಟೆಗಳೂ ಕೂಡುತ್ತವೆ.