ದೊಡ್ಡ ಸಂಖ್ಯೆಯನ್ನು ಎಕ್ಸೆಲ್ ಸೆಲ್‌ಗೆ ಹಾಕಬೇಡಿ

ಸರ್, 2ರ 67ನೇ ಘಾತದಿಂದ 1 ಕಳೆದರೆ ಬರುವ ಸಂಖ್ಯೆ 2, 3, 5 ಮೂರರಿಂದಲೂ ಭಾಗವಾಗುತ್ತದೆ ಅಂತ ಸ್ಕ್ರೀನ್‌ಶಾಟ್ ಸಮೇತ ಹಾಕಿದ್ದೀರಿ. 2ರ ಘಾತದಿಂದ 1 ಕಳೆದ ಮೇಲೆ ಅದು ಸಮಸಂಖ್ಯೆ ಹೇಗಾದೀತು? ಘಾತಗಳ ಕೊನೆಯ ಅಂಕಿ 2, 4, 8, 6 ಅಂತ ಸುತ್ತುತ್ತದೆ. 67ಕ್ಕೆ 8 ಬರುತ್ತದೆ, 1 ಕಳೆದರೆ 7. ನಿಮ್ಮದು ಸೊನ್ನೆಯಲ್ಲಿ ಮುಗಿದಾಗಲೇ ಅನುಮಾನ ಬರಬೇಕಿತ್ತು.

ಎಕ್ಸೆಲ್ ಮೊದಲ 15 ಅಂಕಿ ಮಾತ್ರ ಇಟ್ಟುಕೊಂಡು ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ನಿಮ್ಮ ಸೆಲ್‌ನಲ್ಲಿರುವುದು 147573952589676000000, ನಿಜವಾದದ್ದು 147573952589676412927. ಮೊದಲನೆಯದರ ಅಂಕಿಗಳ ಮೊತ್ತ 84, ಅದಕ್ಕೇ 3ರಿಂದ ಭಾಗವಾಯಿತು. ಎರಡನೆಯದರ ಮೊತ್ತ 109, ಆಗುವುದಿಲ್ಲ. ಸೆಲ್ಲನ್ನು ಟೆಕ್ಸ್ಟ್ ಮಾಡಿದರೆ ಅಂಕಿಗಳೇನೋ ಉಳಿಯುತ್ತವೆ, ಆದರೆ ಲೆಕ್ಕಕ್ಕೆ ಇಳಿಸಿದ ಕೂಡಲೇ ಮತ್ತೆ ಅದೇ ಕಥೆ.

ನಾನು ಇಂಥದ್ದಕ್ಕೆ ಮೊದಲು ಕಾಗದ ಹಿಡಿಯುತ್ತೇನೆ. ಬಲದಿಂದ ಮೂರು ಮೂರು ಅಂಕಿ ಒಡೆಯಿರಿ. ಲಕ್ಷ, ಕೋಟಿಯ ಲೆಕ್ಕದಲ್ಲಿ ಎರಡೆರಡು ಒಡೆದರೆ ಎಲ್ಲ ಕೆಟ್ಟಿತು. 147, 573, 952, 589, 676, 412, 927. ಈಗ ಬಲತುದಿಯಿಂದ ಒಂದು ಬಿಟ್ಟು ಒಂದು ಕಳೆಯುತ್ತಾ ಕೂಡಿಸುತ್ತಾ ಬನ್ನಿ: 927 − 412 + 676 − 589 + 952 − 573 + 147 = 1128. ಅದರಲ್ಲಿ 1001 ತೆಗೆದರೆ 127. 7 × 11 × 13 = 1001 ಆದ್ದರಿಂದ ಈ 127 ಒಂದೇ ಸಾಕು: 7ರಿಂದ ಶೇಷ 1, 11ರಿಂದ 6, 13ರಿಂದ 10. ಮೂರೂ ಒಂದೇ ಏಟಿಗೆ ಹೊರಗೆ. ಶೇಷ ಕೂಡ ಸರಿಯಾಗಿಯೇ ಸಿಗುತ್ತದೆ ಅನ್ನುವುದು ಈ ವಿಧಾನದ ದೊಡ್ಡ ಲಾಭ. ಆದರೆ ಬಲತುದಿಯ ಗುಂಪು ಕೂಡುವ ಕಡೆಗೇ ಇರಬೇಕು, ಎಡದಿಂದ ಶುರು ಮಾಡಿದರೆ ಕೆಲವೊಮ್ಮೆ ಚಿಹ್ನೆ ಅದಲುಬದಲಾಗುತ್ತದೆ.

ಹಾಗಂತ ಸಣ್ಣವು ಯಾವುವೂ ಭಾಗಿಸಲಿಲ್ಲ ಅಂತ ಅವಿಭಾಜ್ಯ ಅಂದುಬಿಡಬೇಡಿ. ಫ್ರಾನ್ಸಿನ ಗಣಿತಜ್ಞ ಮರ್ಸೆನ್ 1644ರಲ್ಲಿ ಇದೇ ಸಂಖ್ಯೆಯನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. ಅಲ್ಲ ಅಂತ ಇನ್ನೊಬ್ಬ ಗಣಿತಜ್ಞ ಲೂಕಾಸ್ 1876ರಲ್ಲಿ ತೋರಿಸಿದ, ಅಪವರ್ತನಗಳನ್ನು ಗಣಿತಜ್ಞ ಕೋಲ್ 1903ರಲ್ಲಿ ಕೊಟ್ಟ: 193707721 × 761838257287. ನಿಮ್ಮ ಹಾಗೆ 2, 3, 5 ಅಂತ ಸಾಲಾಗಿ ಹುಡುಕುವುದೇ ದಂಡ. ಇದರ ಪ್ರತಿ ಅಪವರ್ತನವೂ 134ರ ಗುಣಕಕ್ಕೆ 1 ಸೇರಿಸಿದ್ದೇ ಆಗಿರಬೇಕು, ಜೊತೆಗೆ 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು. ಹುಡುಕಾಟ ಎಷ್ಟು ಕಡಿಮೆಯಾಗುತ್ತದೆ ನೋಡಿ.

ಕೆಳಗೆ ಕಾಮೆಂಟ್‌ನಲ್ಲಿ ಒಬ್ಬರು 2ನ್ನು ಆಧಾರ ಇಟ್ಟು ಫರ್ಮಾ ಪರೀಕ್ಷೆ (ಸಂಖ್ಯೆ ಅವಿಭಾಜ್ಯವೇ ಅಂತ ನೋಡುವ ಒಂದು ವಿಧಾನ) ಮಾಡಿ ಅಂದಿದ್ದಾರೆ. ದಯವಿಟ್ಟು ಇಲ್ಲಿ ಬೇಡ. ಘಾತ ಅವಿಭಾಜ್ಯವಾಗಿದ್ದರೆ 2ರ ಘಾತದಿಂದ 1 ಕಳೆದ ಈ ಜಾತಿಯ ಸಂಖ್ಯೆಗಳೆಲ್ಲ ಆ ಪರೀಕ್ಷೆಯಲ್ಲಿ ಪಾಸಾಗುತ್ತವೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ಈ ಜಾತಿಯ ಸಂಖ್ಯೆಗಳಿಗೆಂದೇ ಇರುವ ಲೂಕಾಸ್–ಲೆಹ್ಮರ್ ಪರೀಕ್ಷೆ ಮಾಡಿ: 4ರಿಂದ ಶುರು, ವರ್ಗ ಮಾಡಿ 2 ಕಳೆಯಿರಿ, ಮೂಲ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಹೀಗೆ 65 ಸಲ. ಕೊನೆಗೆ ಸೊನ್ನೆ ಬಂದರೆ ಮಾತ್ರ ಅವಿಭಾಜ್ಯ.

ಇದಕ್ಕೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಸಾಕು, ಪೂರ್ಣಾಂಕ ಎಷ್ಟೇ ದೊಡ್ಡದಿರಲಿ ಅಂಕಿ ನುಂಗುವುದಿಲ್ಲ. ಆದರೆ ಭಾಗಾಕಾರಕ್ಕೆ ಜೋಡಿ ಓರೆಗೆರೆ (//) ಹಾಕಿ. ಒಂಟಿ ಹಾಕಿದರೆ ದಶಮಾಂಶಕ್ಕೆ ಹೊರಳಿ ಕೊನೆಯ ಅಂಕಿಗಳು ಹೋಗುತ್ತವೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್ 9007199254740991 ದಾಟಿದರೆ ನಂಬುವ ಹಾಗಿಲ್ಲ, ಅಲ್ಲಿ ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಬಿಗ್‌ಇಂಟ್ ಬೇಕು. ಯಾವುದರಲ್ಲಿ ಮಾಡಿದರೂ ಸಂಖ್ಯೆ ಅಂಟಿಸಿದ ಮೇಲೆ ಅಂಕಿ ಎಣಿಸಿ, 21 ಇರಬೇಕು, ಕೊನೆಯದು 7 ಇರಬೇಕು.